ಏರಿಯ ಕೀರ್ತಿ, ಕೋಡಿಯ ಕ್ಷೇಮ: ಸುದರ್ಶನ ತಟಾಕದ ಶಾಸನಗಳು ಮತ್ತು ನಮ್ಮ ಕೆರೆಗಳು

ಕೆರೆ ಕಟ್ಟಿಸಿದವರ ಹೆಸರುಗಳಿಗೆ ನಮ್ಮ ಶಾಸನಗಳಲ್ಲಿ ಬರವಿಲ್ಲ. ಅರಸರು, ದಂಡನಾಯಕರು, ಗಾವುಂಡರು, ಸೆಟ್ಟಿಗಳು, ಸೂಳೆಯರು, ವಿಧವೆಯರು ಹೀಗೆ ಸಮಾಜದ ಎಲ್ಲ ಸ್ತರದವರೂ ಏರಿ ಹಾಕಿಸಿ ಪುಣ್ಯವನ್ನೂ ಕೀರ್ತಿಯನ್ನೂ ಗಳಿಸಿದ್ದಾರೆ. ಕೆರೆ ಒಡೆದುದನ್ನು ಹೇಳುವ ಶಾಸನಗಳು ಮಾತ್ರ ಕಡಮೆ. ಸೋಲನ್ನು ಕಲ್ಲಿನಲ್ಲಿ ಕೆತ್ತಿಸುವ ಉತ್ಸಾಹ ಯಾರಿಗಿದ್ದೀತು? ಆದ್ದರಿಂದಲೇ ಒಡೆದ ಕೆರೆಯ ವೃತ್ತಾಂತವನ್ನು ವಿವರವಾಗಿ ಹೇಳುವ ಶಾಸನವೊಂದು ದೊರೆತಾಗ ಅದನ್ನು ಹೆಚ್ಚಿನ ಎಚ್ಚರದಿಂದ ಓದಬೇಕು. ಕಟ್ಟಿದ ಕತೆ ಹೇಳದ ಸಂಗತಿಗಳನ್ನು ಒಡೆದ ಕತೆ ಹೇಳುತ್ತದೆ. ಮಣ್ಣಿನ ಕಟ್ಟೆ ಯಾವ ಉದ್ದೇಶಕ್ಕಾಗಿ ನಿಂತಿತ್ತು, ಅದನ್ನು ಕಾಯುತ್ತಿದ್ದುದು ಏನು, ಅದು ಹೋದಾಗ ಯಾರು ಮುಂದೆ ಬಂದರು ಎಂಬ ಪ್ರಶ್ನೆಗಳಿಗೆ ಉತ್ತರ ದೊರೆಯುವುದು ಅಲ್ಲಿಯೇ.

ಭಾರತದ ಇತಿಹಾಸದಲ್ಲಿ ಅಂಥ ಅಪೂರ್ವ ಸಾಕ್ಷ್ಯವಿರುವುದು ಗುಜರಾತಿನ ಜುನಾಗಢದಲ್ಲಿ, ಗಿರಿನಾರ್ ಬೆಟ್ಟದ ದಾರಿಯಲ್ಲಿರುವ ಒಂದು ಬಂಡೆಯ ಮೇಲೆ. ಈ ಗಿರಿನಾರ್ ಜೈನರಿಗೆ ಇಪ್ಪತ್ತೆರಡನೆಯ ತೀರ್ಥಂಕರ ನೇಮಿನಾಥರ ನಿರ್ವಾಣಭೂಮಿ. ಶಾಸನಗಳು ಇದನ್ನು ಊರ್ಜಯತ್ ಎಂದು ಕರೆಯುತ್ತವೆ. ಒಂದೇ ಬಂಡೆಯ ಮೇಲೆ ಮೂರು ಯುಗಗಳ ಬರೆಹಗಳಿವೆ: ಅಶೋಕನ ಹದಿನಾಲ್ಕು ಧರ್ಮಲಿಪಿಗಳು, ಮಹಾಕ್ಷತ್ರಪ ರುದ್ರದಾಮನ ಸಂಸ್ಕೃತ ಗದ್ಯಶಾಸನ, ಗುಪ್ತಚಕ್ರವರ್ತಿ ಸ್ಕಂದಗುಪ್ತನ ಕಾಲದ ಪದ್ಯಶಾಸನ. ಸಾಹಿತ್ಯದ ವಿದ್ಯಾರ್ಥಿಗಳಿಗೆ ರುದ್ರದಾಮನ ಶಾಸನ ಪರಿಚಿತವಾದುದೇ. ಶಾಸ್ತ್ರೀಯ ಸಂಸ್ಕೃತದಲ್ಲಿ ದೊರೆತಿರುವ ಮೊದಲ ದೀರ್ಘ ಗದ್ಯಶಾಸನವೆಂದು, ಸಮಾಸಭೂಯಿಷ್ಠ ಶೈಲಿಯ ಪ್ರಾಚೀನ ಮಾದರಿಯೆಂದು ಅದನ್ನು ಪಠ್ಯಗಳು ಹೆಸರಿಸುತ್ತವೆ. ಶೈಲಿಯ ಚರ್ಚೆಯಲ್ಲಿ ವಸ್ತು ಮರೆಯಾಗುವುದುಂಟು. ಅದರ ವಸ್ತು ಒಂದು ಒಡೆದ ಕೆರೆ.

ಸುದರ್ಶನದ ಹುಟ್ಟು ಮತ್ತು ಒಡಕು

ಕೆರೆಯ ಹೆಸರು ಸುದರ್ಶನ, ಎಂದರೆ ನೋಡಲು ಚೆಲುವಾದುದು. ಚಂದ್ರಗುಪ್ತ ಮೌರ್ಯನ ಕಾಲದಲ್ಲಿ ಆ ಪ್ರಾಂತದ ಅಧಿಕಾರಿಯಾಗಿದ್ದ ವೈಶ್ಯ ಪುಷ್ಯಗುಪ್ತನು ಇದನ್ನು ಕಟ್ಟಿಸಿದನು. ಅಶೋಕನ ಕಾಲದಲ್ಲಿ ಯವನರಾಜ ತುಷಾಸ್ಫನು ಇದಕ್ಕೆ ನಾಲೆಗಳನ್ನು ಕೂಡಿಸಿದನು. ಈ ವಿವರಗಳನ್ನು ನಮಗೆ ಉಳಿಸಿಕೊಟ್ಟಿರುವುದು ಮೌರ್ಯರ ಶಾಸನವಲ್ಲ. ನಾಲ್ಕು ಶತಮಾನಗಳಿಗೂ ಹೆಚ್ಚು ಕಾಲದ ಅನಂತರ ಬಂದ ರುದ್ರದಾಮನ ಶಾಸನ. ಶ್ರವಣಬೆಳಗೊಳದ ಪರಂಪರೆಯಿಂದಾಗಿ ಚಂದ್ರಗುಪ್ತನ ಹೆಸರು ಕನ್ನಡಿಗರಿಗೆ ತ್ಯಾಗದ ಹೆಸರಾಗಿ ಪರಿಚಿತ. ಸೌರಾಷ್ಟ್ರದಲ್ಲಿ ಅದೇ ಹೆಸರು ಅಷ್ಟು ದೀರ್ಘಕಾಲ ಜನರ ನೆನಪಿನಲ್ಲಿ ನಿಂತುದು ಒಂದು ಕೆರೆಯ ಕಾರಣದಿಂದ ಎಂಬುದನ್ನು ಇಲ್ಲಿ ಗಮನಿಸಬಹುದು.

ಶಕವರ್ಷ 72ರ, ಎಂದರೆ ಸುಮಾರು ಕ್ರಿ.ಶ. 150ರ, ಮಾರ್ಗಶಿರ ಬಹುಳ ಪಕ್ಷದ ಆರಂಭದಲ್ಲಿ ದೊಡ್ಡ ಮಳೆ ಸುರಿಯಿತು. ಊರ್ಜಯತ್ ಬೆಟ್ಟದಿಂದ ಇಳಿಯುವ ಸುವರ್ಣಸಿಕತಾ, ಪಲಾಶಿನೀ ಮೊದಲಾದ ಹೊಳೆಗಳು ಉಕ್ಕಿದವು. ಯುಗಾಂತ್ಯದಂಥ ಬಿರುಗಾಳಿ ನೀರನ್ನು ಕಡೆಯಿತು. ಬೆಟ್ಟದ ನೆತ್ತಿಗಳು, ಮರಗಳು, ದಡಗಳು, ಉಪ್ಪರಿಗೆಗಳು, ಬಾಗಿಲುಗಳು ಉರುಳಿದವು. ಕಟ್ಟೆಯಲ್ಲಿ 420 ಮೊಳ ಉದ್ದದ, ಅಷ್ಟೇ ಅಗಲದ, 75 ಮೊಳ ಆಳದ ಒಡಕು ಬಿದ್ದಿತು. ಮೊಳಕ್ಕೆ ಒಂದೂವರೆ ಅಡಿಯೆಂದು ಹಿಡಿದರೆ ಒಡಕಿನ ಉದ್ದ 630 ಅಡಿ. ನೀರೆಲ್ಲ ಹರಿದುಹೋಗಿ ಸುದರ್ಶನವು ಮರುಭೂಮಿಯಂತಾಗಿ ದುರ್ದರ್ಶನವಾಯಿತು ಎಂಬ ಶ್ಲೇಷೆ ಇಲ್ಲಿಯೇ ಬರುವುದು. ಅಲಂಕಾರದ ಹಿಂದೆ ಜನರ ಹಾಹಾಕಾರವಿದೆ. ಅದನ್ನೂ ಶಾಸನ ಹೇಳುತ್ತದೆ.

ಒಡಕಿನ ತಿಂಗಳನ್ನು ನಾವು ಗಮನಿಸಬೇಕು. ಮಾರ್ಗಶಿರವು ಸೌರಾಷ್ಟ್ರದಲ್ಲಿ ಮಳೆಗಾಲದ ತಿಂಗಳಲ್ಲ. ಮಳೆಗಾಲ ಮುಗಿದು, ಕೆರೆ ತುಂಬಿ, ಬೇಸಗೆಯ ಬೆಳೆಗೆಂದು ನೀರನ್ನು ಹಿಡಿದಿಟ್ಟುಕೊಂಡ ಹೊತ್ತು ಅದು. ತುಂಬಿದ ಕೆರೆಗೆ ಅಕಾಲದ ಪ್ರವಾಹ ಬಂದಾಗ ಅದನ್ನು ತಡೆದುಕೊಳ್ಳಲು ಒಡಲಿನಲ್ಲಿ ಎಡೆ ಉಳಿದಿರುವುದಿಲ್ಲ. ನೀರನ್ನು ಕೂಡಿಡುವುದಕ್ಕೆ ಕೆರೆ ತುಂಬಿರಬೇಕು; ಪ್ರವಾಹವನ್ನು ತಡೆಯುವುದಕ್ಕೆ ಕೆರೆ ಬರಿದಾಗಿರಬೇಕು. ಒಂದೇ ಏರಿಯಿಂದ ನಾವು ಬಯಸುವ ಈ ಎರಡು ಪ್ರಯೋಜನಗಳಿಗೆ ಹೊಂದಾಣಿಕೆ ಎಂದೂ ಸುಲಭವಲ್ಲ.

ಪರೀವಾಹ ಎಂಬ ಪದ

ಸುದರ್ಶನದ ಕಟ್ಟೆಯನ್ನು ಅಜ್ಞರು ಕಟ್ಟಿರಲಿಲ್ಲ. ಮಣ್ಣು ಮತ್ತು ಕಲ್ಲುಗಳಿಂದ, ಸಂದಿಲ್ಲದಂತೆ, ಬೆಟ್ಟದ ಪಾದದೊಡನೆ ಸ್ಪರ್ಧಿಸುವಷ್ಟು ದೃಢವಾಗಿ ಅದನ್ನು ಕಟ್ಟಲಾಗಿತ್ತೆಂದು ಶಾಸನ ವರ್ಣಿಸುತ್ತದೆ. ಅದಕ್ಕೆ ಪ್ರಣಾಲೀ, ಪರೀವಾಹ, ಮೀಢವಿಧಾನಗಳನ್ನು ಸರಿಯಾಗಿ ಏರ್ಪಡಿಸಲಾಗಿತ್ತಂತೆ. ಪ್ರಣಾಲಿಯೆಂದರೆ ನೀರನ್ನು ಬೇಕಾದಷ್ಟು ಬಿಡುವ ದಾರಿ, ನಮ್ಮ ತೂಬು. ಪರೀವಾಹವೆಂದರೆ ಹೆಚ್ಚಾದ ನೀರು ತಾನಾಗಿ ಹರಿದುಹೋಗುವ ದಾರಿ, ನಮ್ಮ ಕೋಡಿ. ಮೀಢವಿಧಾನವನ್ನು ಕಸಕಶ್ಮಲಗಳ ನಿವಾರಣೆಯ ಏರ್ಪಾಡೆಂದು ವಿದ್ವಾಂಸರು ಅರ್ಥೈಸಿದ್ದಾರೆ. ತಕ್ಕ ಪ್ರತೀಕಾರಗಳನ್ನು ಕೈಗೊಂಡರೂ ನೀರು ನಿಲ್ಲಲಿಲ್ಲವೆಂಬ ಮಾತೂ ಶಾಸನದಲ್ಲಿದೆ. ಆ ಕಾಲದವರಿಗೆ ಕಟ್ಟೆಯ ಕ್ಷೇಮವು ಅದರ ಗಾತ್ರದಲ್ಲಷ್ಟೇ ಇಲ್ಲ, ನೀರಿಗೆ ದಾರಿ ಬಿಡುವುದರಲ್ಲಿದೆ ಎಂಬ ಅರಿವು ಸ್ಪಷ್ಟವಾಗಿತ್ತು.

ಈ ಪರೀವಾಹ ಎಂಬ ಪದವನ್ನು ಭವಭೂತಿಯ ಓದುಗರು ಬಲ್ಲರು. ಉತ್ತರರಾಮಚರಿತದ ಮೂರನೆಯ ಅಂಕದಲ್ಲಿ ರಾಮನ ಅಳುವಿಗೆ ಸಮರ್ಥನೆಯಾಗಿ ಬರುವ ಉಪಮಾನ ಅದು: ಪ್ರವಾಹದ ಒತ್ತಡಕ್ಕೆ ಸಿಕ್ಕ ಕೆರೆಗೆ ಕೋಡಿಯೇ ಪರಿಹಾರ, ಶೋಕದ ಒತ್ತಡಕ್ಕೆ ಸಿಕ್ಕ ಹೃದಯಕ್ಕೆ ವಿಲಾಪವೇ ಆಧಾರ ಎಂಬುದು ಅಲ್ಲಿಯ ಭಾವ. ಶಾಸನದ ತಾಂತ್ರಿಕ ಪದವೊಂದು ಕವಿಯ ಕೈಯಲ್ಲಿ ಮನಸ್ಸಿನ ಮಾತಾಯಿತು. ಕನ್ನಡದಲ್ಲಿಯೂ ಸಂತೋಷ ಕೋಡಿವರಿಯಿತು ಎನ್ನುತ್ತೇವೆ. ಕೆರೆ ಕೋಡಿ ಬಿದ್ದ ದಿನ ಊರವರು ಏರಿಯ ಮೇಲೆ ನೆರೆದು ಗಂಗೆಗೆ ಬಾಗಿನ ಅರ್ಪಿಸುತ್ತಾರೆ. ಕೆರೆ ತುಂಬಿತೆಂಬ ಸಂತೋಷದೊಡನೆ, ಹೆಚ್ಚಿನ ನೀರು ಏರಿಯನ್ನು ಬಿಟ್ಟು ತನ್ನ ದಾರಿಯನ್ನೇ ಹಿಡಿಯಿತೆಂಬ ನೆಮ್ಮದಿಯೂ ಆ ಪೂಜೆಯಲ್ಲಿ ಕೂಡಿಕೊಂಡಿದೆ ಎಂದು ನನಗೆ ತೋರುತ್ತದೆ.

ಏರಿ ಹೋಗುವ ದಾರಿಗಳು

ಇಂದಿನ ತಂತ್ರಜ್ಞರ ವಿವರಣೆಯನ್ನು ಇಲ್ಲಿ ಸಂಕ್ಷೇಪವಾಗಿ ತಂದುಕೊಳ್ಳುವುದು ಶಾಸನದ ಓದಿಗೆ ಸಹಾಯಕ. ಮಣ್ಣಿನ ಏರಿ ಮುಖ್ಯವಾಗಿ ಮೂರು ಬಗೆಯಲ್ಲಿ ನಾಶವಾಗುತ್ತದೆ. ಮೊದಲನೆಯದು, ನೀರು ಏರಿಯ ನೆತ್ತಿಯನ್ನು ಮೀರಿ ಹರಿಯುವುದು. ಕಲ್ಲುಗಾರೆಯ ಗೋಡೆ ಇದನ್ನು ಕೆಲಕಾಲ ತಾಳೀತು, ಮಣ್ಣು ತಾಳದು. ಹಿಂಬದಿಯ ಇಳಿಜಾರನ್ನು ನೀರು ಕೊರೆಯತೊಡಗಿದರೆ ಕೆಲವು ಗಂಟೆಗಳಲ್ಲಿ ಏರಿಯೇ ಇಲ್ಲವಾಗಬಹುದು. ಎರಡನೆಯದು, ಏರಿಯ ಒಡಲೊಳಗಿನ ಜಿನುಗು. ತೂಬಿನ ಪಕ್ಕ, ಸತ್ತ ಮರದ ಬೇರಿನ ಜಾಡು, ಹೆಗ್ಗಣದ ಬಿಲ ಇವುಗಳ ಮೂಲಕ ನೀರು ದಾರಿ ಮಾಡಿಕೊಂಡು ಮಣ್ಣಿನ ಕಣಗಳನ್ನು ಹೊತ್ತೊಯ್ಯುತ್ತದೆ. ಜಿನುಗುವ ನೀರು ತಿಳಿಯಾಗಿದ್ದರೆ ಗಮನವಿಟ್ಟು ಕಾಯಬಹುದು. ಕದಡಿದ್ದರೆ ಏರಿ ಒಳಗಿನಿಂದ ಕರಗುತ್ತಿದೆ ಎಂದರ್ಥ. ಮೂರನೆಯದು, ನೆನೆದ ಇಳಿಜಾರು ಜಾರಿ ಕುಸಿಯುವುದು. ಈ ಮೂರನ್ನೂ ತಡೆಯುವ ಕೆಲಸಗಳು ಸಾಮಾನ್ಯವಾದವು: ಕೋಡಿಯನ್ನು ತೆರವಾಗಿಡುವುದು, ಏರಿಯ ಗಿಡಗಂಟಿ ಕಡಿಯುವುದು, ಬಿಲ ಮುಚ್ಚುವುದು, ತಗ್ಗಿದೆಡೆಗೆ ಮಣ್ಣು ಹಾಕುವುದು, ಮಳೆಯ ರಾತ್ರಿ ಏರಿಯ ಮೇಲೆ ಒಬ್ಬ ನಡೆದು ನೋಡುವುದು. ಇವುಗಳಲ್ಲಿ ಯಾವುದೂ ಶಾಸನಕ್ಕೆ ಏರುವಷ್ಟು ದೊಡ್ಡ ಕೆಲಸವಲ್ಲ.

ಈ ಹಿನ್ನೆಲೆಯಲ್ಲಿ ಅದೇ ಬಂಡೆಯ ಸ್ಕಂದಗುಪ್ತನ ಶಾಸನವನ್ನು ಓದಬೇಕು. ರುದ್ರದಾಮನ ಕಾಲದ ಒಡಕಿಗೆ ಸುಮಾರು ಮುನ್ನೂರು ವರ್ಷಗಳ ಅನಂತರ, ಗುಪ್ತವರ್ಷ 136ರಲ್ಲಿ, ಎಂದರೆ ಕ್ರಿ.ಶ. 455-56ರಲ್ಲಿ, ಭಾದ್ರಪದದ ಒಂದು ರಾತ್ರಿ ಸುದರ್ಶನ ಮತ್ತೆ ಒಡೆಯಿತು. ಈ ಸಲ ಅಕಾಲದ ಬಿರುಗಾಳಿಯಲ್ಲ. ಮಳೆಗಾಲ ಬಂದು ಬಹುಕಾಲ ಎಡೆಬಿಡದೆ ಸುರಿದ ಮಳೆ. ಮೊದಲ ಬಾರಿ ಒಮ್ಮೆಲೆ ನುಗ್ಗಿದ ಪ್ರವಾಹಕ್ಕೆ ಏರಿ ಹೋಯಿತು. ಎರಡನೆಯ ಬಾರಿ ದೀರ್ಘಕಾಲ ನೆನೆದು ಹೋಗಿರಬಹುದೆಂದು ಊಹಿಸಲು ಎಡೆಯಿದೆ. ಸೌರಾಷ್ಟ್ರದ ಅಧಿಕಾರಿ ಪರ್ಣದತ್ತನ ಮಗ ಚಕ್ರಪಾಲಿತನು ಮರುವರ್ಷವೇ ಒಡ್ಡನ್ನು ಕಟ್ಟಿಸಿದನು. ಅದರ ಅಳತೆ ಉದ್ದ 100 ಮೊಳ, ಅಗಲ 68 ಮೊಳ, ಎತ್ತರ ಏಳು ಆಳು. ರುದ್ರದಾಮನ ಶಾಸನ ಕೊಡುವುದು ಒಡಕಿನ ಅಳತೆ, ಇದು ಕೊಡುವುದು ಕಟ್ಟಿದ ಒಡ್ಡಿನ ಅಳತೆ. ಎರಡನ್ನೂ ಬೆರೆಸಿ ಕೆರೆಯ ಗಾತ್ರವನ್ನು ನಿರ್ಣಯಿಸುವುದು ಸರಿಯಲ್ಲ. ಆದರೆ 150 ಅಡಿ ಉದ್ದಕ್ಕೆ ನೂರು ಅಡಿಗೂ ಮೀರಿದ ಅಗಲ ಎಂಬುದು ಅರ್ಥಪೂರ್ಣ. ಮಣ್ಣಿನ ಕಟ್ಟೆಯ ಬಲವಿರುವುದು ಅದರ ತಳದ ಅಗಲದಲ್ಲಿ ಎಂಬುದು ಕಟ್ಟಿದವರಿಗೆ ತಿಳಿದಿತ್ತು.

ವೆಚ್ಚ ಯಾರದು?

ರುದ್ರದಾಮನ ಶಾಸನದ ಅತ್ಯಂತ ಮಹತ್ವದ ಭಾಗ ಬಿರುಗಾಳಿಯ ವರ್ಣನೆಯಲ್ಲ, ಮಂತ್ರಿಮಂಡಲದ ಭಿನ್ನಮತ. ಒಡಕು ಅತಿ ದೊಡ್ಡದಾದುದರಿಂದ ಮಹಾಕ್ಷತ್ರಪನ ಮತಿಸಚಿವರೂ ಕರ್ಮಸಚಿವರೂ ಕೆಲಸಕ್ಕೆ ಒಪ್ಪಲಿಲ್ಲ. ಅವರು ಗುಣಸಂಪನ್ನರೆಂದು ಹೇಳಿಯೇ ಶಾಸನ ಅವರ ನಿರುತ್ಸಾಹವನ್ನು ಹೇಳುತ್ತದೆ. ಏರಿ ಮತ್ತೆ ಏಳದೆಂಬ ನಿರಾಶೆಯಲ್ಲಿ ಜನ ಗೋಳಿಡುತ್ತಿದ್ದಾಗ, ಆನರ್ತ ಸುರಾಷ್ಟ್ರಗಳ ಆಡಳಿತಕ್ಕೆ ನಿಯುಕ್ತನಾಗಿದ್ದ ಅಮಾತ್ಯ, ಪಹ್ಲವ ಕುಲದ ಕುಲೈಪನ ಮಗ ಸುವಿಶಾಖನು ಆ ಕಾರ್ಯವನ್ನು ನೆರವೇರಿಸಿದನು. ಮೊದಲಿಗಿಂತ ಮೂರುಪಟ್ಟು ದೃಢವಾದ ಸೇತು ಎದ್ದಿತು. ಪೌರಜಾನಪದರನ್ನು ಕರ, ವಿಷ್ಟಿ, ಪ್ರಣಯಗಳಿಂದ, ಎಂದರೆ ತೆರಿಗೆ, ಬಿಟ್ಟಿದುಡಿಮೆ, ಬಲವಂತದ ಕಾಣಿಕೆಗಳಿಂದ ಪೀಡಿಸದೆ, ಸ್ವಂತ ಬೊಕ್ಕಸದಿಂದಲೇ ಇದನ್ನು ಮಾಡಿಸಲಾಯಿತೆಂಬುದು ಶಾಸನದ ಹೆಮ್ಮೆ. ಹೆಮ್ಮೆಯಾಗಿ ಹೇಳಬೇಕಾಯಿತೆಂದರೆ ಹಾಗೆ ಪೀಡಿಸುವುದೇ ವಾಡಿಕೆಯಾಗಿತ್ತು ಎಂದೂ ಓದಬೇಕಾಗುತ್ತದೆ.

ರಾಜ್ಯ ಬದಲಾದರೂ ಕೆರೆಯ ಹೊಣೆ ಬದಲಾಗದು ಎಂಬ ತಿಳಿವಳಿಕೆ ಇಲ್ಲಿದೆ. ವೈಶ್ಯನೊಬ್ಬ ಕಟ್ಟಿದ್ದಕ್ಕೆ ಯವನನೊಬ್ಬ ನಾಲೆ ಕೂಡಿಸಿದ. ಪಹ್ಲವನೊಬ್ಬ ದುರಸ್ತಿ ಮಾಡಿದ. ಗುಪ್ತರ ಅಧಿಕಾರಿಯೊಬ್ಬ ಮತ್ತೆ ಕಟ್ಟಿದ. ಇದೇ ಮನೋಧರ್ಮವನ್ನು ಕಳಿಂಗದ ಜೈನ ಅರಸ ಖಾರವೇಲನ ಹಾಥಿಗುಂಫಾ ಶಾಸನದಲ್ಲಿಯೂ ಕಾಣುತ್ತೇವೆ. ಪಟ್ಟಕ್ಕೆ ಬಂದ ಮೊದಲ ವರ್ಷದಲ್ಲಿಯೇ ಅವನು ಬಿರುಗಾಳಿಗೆ ಹಾಳಾದ ಕಳಿಂಗನಗರಿಯ ಗೋಪುರ ಪ್ರಾಕಾರಗಳನ್ನು ಸರಿಪಡಿಸಿ ಕೆರೆಯ ಕಟ್ಟೆಗಳನ್ನು ಕಟ್ಟಿಸಿದನು. ಐದನೆಯ ವರ್ಷ, ಹಿಂದೆ ನಂದರಾಜನು ತೋಡಿಸಿದ್ದ ಕಾಲುವೆಯನ್ನು ರಾಜಧಾನಿಯವರೆಗೆ ತಂದನು. ಕೌಟಿಲ್ಯನ ಅರ್ಥಶಾಸ್ತ್ರವು ಈ ಹೊಣೆಗೆ ನಿಯಮದ ರೂಪ ಕೊಡುತ್ತದೆ. ಹೊಸ ಕೆರೆಕಟ್ಟೆಗಳಿಗೆ ಐದು ವರ್ಷ, ಹಾಳಾದುದನ್ನು ಮತ್ತೆ ಕಟ್ಟಿದರೆ ನಾಲ್ಕು ವರ್ಷ, ಗಿಡಗಂಟಿ ಬೆಳೆದುದನ್ನು ತೆರವುಗೊಳಿಸಿದರೆ ಮೂರು ವರ್ಷ ತೆರಿಗೆಯ ವಿನಾಯಿತಿ. ಗಿಡ ಕಡಿಯುವುದಕ್ಕೂ ಅಲ್ಲಿ ಪ್ರತಿಫಲವಿದೆ. ನೀರಿರುವ ಕಟ್ಟೆಯನ್ನು ಒಡೆದವನನ್ನು ಅಲ್ಲಿಯೇ ಮುಳುಗಿಸಬೇಕೆಂಬ ಕಠಿಣ ಶಿಕ್ಷೆಯೂ ಅದೇ ಗ್ರಂಥದಲ್ಲಿದೆ. ಕೆಳಗಿನ ಊರುಗಳ ಜೀವ ಆ ಏರಿಯನ್ನು ಅವಲಂಬಿಸಿತ್ತೆಂಬುದಕ್ಕೆ ಈ ಕಾಠಿಣ್ಯವೇ ಸಾಕ್ಷಿ.

ಕನ್ನಡನಾಡಿನ ಸಾಕ್ಷ್ಯ

ಕರ್ನಾಟಕದಲ್ಲಿ ಕೆರೆಯ ದಾಖಲೆ ಕದಂಬರಷ್ಟು ಹಳೆಯದು. ಕವಿ ಕುಬ್ಜನು ರಚಿಸಿದ ತಾಳಗುಂದದ ಸ್ತಂಭಶಾಸನವು ಕಾಕುಸ್ಥವರ್ಮನು ಅಲ್ಲಿಯ ಶಿವಾಲಯದ ಬಳಿ ಮಾಡಿಸಿದ ಕೆರೆಯನ್ನು ಹೇಳುತ್ತದೆ. ಕದಂಬರ ವಂಶಚರಿತ್ರೆ ನಮಗೆ ದೊರೆತುದು ಒಂದು ಕೆರೆಯ ನೆಪದಲ್ಲಿ. ಅಲ್ಲಿಂದ ಮುಂದೆ ಕೆರೆಯ ಪಾಲನೆಗೆ ಸಂಬಂಧಿಸಿದ ಪದಗಳೇ ಒಂದು ಚಿಕ್ಕ ಕೋಶವಾಗುವಷ್ಟಿವೆ: ಬಿತ್ತುವಟ್ಟ, ಕಟ್ಟುಗೊಡಗೆ, ಕೆರೆಗೊಡಗೆ, ದಶವಂದ. ಕೆರೆ ಕಟ್ಟಿದವನಿಗೆ, ಅದನ್ನು ನೋಡಿಕೊಳ್ಳುವವನಿಗೆ ಬಿಟ್ಟ ಭೂಮಿ ಅಥವಾ ಆದಾಯದ ಪಾಲನ್ನು ಇವು ಸೂಚಿಸುತ್ತವೆ. ಕೆರೆಯ ಹೂಳನ್ನೆತ್ತಿ ಏರಿಗೆ ಹಾಕುವ ಬಂಡಿಗಳ, ಎಳೆಯುವ ಕೋಣಗಳ ನಿರ್ವಹಣೆಗಾಗಿಯೇ ಬಿಟ್ಟ ದತ್ತಿಗಳೂ ಇವೆ. ದಾನಿಗಳು ಏರಿಯ ಜೊತೆಗೆ ಏರಿಯ ಮುಪ್ಪನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದರು.

ಕಟ್ಟೆಯ ಶಾಸ್ತ್ರವನ್ನು ನೇರವಾಗಿ ಹೇಳುವ ಶಾಸನವೊಂದು ವಿಜಯನಗರದ ಆರಂಭಕಾಲದ್ದು. ಆಂಧ್ರದ ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿದೆ. ಬುಕ್ಕರಾಯನ ಮಗ ಭಾಸ್ಕರನು, ಭವದೂರ ಎಂಬುದು ಅವನ ಇನ್ನೊಂದು ಹೆಸರು, 1369ರಲ್ಲಿ ಕಟ್ಟಿಸಿದ ಕೆರೆ ಅದು. ದಿನಕ್ಕೆ ಸಾವಿರ ಆಳುಗಳು, ಕಲ್ಲಿಗಾಗಿ ನೂರು ಬಂಡಿಗಳು, ಎರಡು ವರ್ಷದ ಕೆಲಸ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಸಾಧನಗಳನ್ನು ಶಾಸನ ಎಣಿಸುತ್ತದೆ: ಧರ್ಮಿಷ್ಠನೂ ಧನವಂತನೂ ಆದ ಅರಸ, ಜಲಶಾಸ್ತ್ರ ಬಲ್ಲ ವಿದ್ವಾಂಸ, ಗಟ್ಟಿಮಣ್ಣಿನ ನೆಲ, ಸಿಹಿನೀರಿನ ನದಿ, ಎರಡು ಬೆಟ್ಟಗಳ ನಡುವೆ ಅತಿ ಉದ್ದವಲ್ಲದ ದೃಢವಾದ ಕಟ್ಟೆ, ಕೆಲಸ ಬಲ್ಲ ಆಳುಗಳು ಮೊದಲಾದವು. ಬಳಿಕ ಆರು ದೋಷಗಳು ಬರುತ್ತವೆ: ಕಟ್ಟೆಯಿಂದ ನೀರು ಜಿನುಗುವುದು, ಚವುಳುನೆಲ, ಎರಡು ರಾಜ್ಯಗಳ ಗಡಿಯಲ್ಲಿರುವುದು, ಕೆರೆಯಂಗಳದ ನಡುವೆ ದಿಬ್ಬ, ನೀರು ಕಡಮೆಯಾಗಿ ಹೊಲ ಹೆಚ್ಚಾಗಿರುವುದು, ಹೊಲ ಕಡಮೆಯಾಗಿ ನೀರು ಹೆಚ್ಚಾಗಿರುವುದು.

ಮೊದಲ ದೋಷ ಜಿನುಗು. ಕೊನೆಯ ದೋಷ ಅತಿನೀರು. ಏರಿಯ ನಾಶದ ಮುಖ್ಯ ಕಾರಣಗಳೆರಡೂ ಪಟ್ಟಿಯ ಎರಡು ತುದಿಗಳಲ್ಲಿ ನಿಂತಿವೆ. ಗಡಿಯಲ್ಲಿರುವುದನ್ನು ದೋಷವೆಂದು ಎಣಿಸಿರುವುದು ಇನ್ನೂ ಸೂಕ್ಷ್ಮವಾದುದು. ಅದು ಮಣ್ಣಿನ ದೋಷವಲ್ಲ, ಹೊಣೆಯ ದೋಷ. ಇಬ್ಬರಿಗೆ ಸೇರಿದ ಏರಿಯನ್ನು ಇಬ್ಬರೂ ಕಾಯುವುದಿಲ್ಲ.

ಈ ಮಾತಿನ ಸತ್ಯ ಗೊತ್ತಾಗುವುದು ಕೆರೆಗಳ ಸರಣಿಯಲ್ಲಿ. ಬಯಲುಸೀಮೆಯ ಕೆರೆಗಳು ಒಂಟಿಯಾಗಿಲ್ಲ. ಮೇಲಿನ ಕೆರೆಯ ಕೋಡಿನೀರು ಕೆಳಗಿನ ಕೆರೆಗೆ ಬರುತ್ತದೆ. ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರಾಗಿದ್ದ ಸ್ಯಾಂಕಿ 1860ರ ದಶಕದಲ್ಲಿ, ಇಲ್ಲಿ ಹೊಸದೊಂದು ಕೆರೆಗೆ ಜಾಗ ಹುಡುಕುವುದೇ ಕಷ್ಟವೆನ್ನುವಷ್ಟರ ಮಟ್ಟಿಗೆ ಈ ವ್ಯವಸ್ಥೆ ಬೆಳೆದಿರುವುದನ್ನು ಕಂಡು ಬೆರಗಾದನು. ಬೆಟ್ಟದಿಂದ ಇಳಿದ ಪ್ರವಾಹವನ್ನು ಹತ್ತಾರು ಸಣ್ಣ ಏರಿಗಳು ಹಂಚಿಕೊಂಡು, ತಡೆದು, ನಿಧಾನವಾಗಿ ಮುಂದಕ್ಕೆ ಬಿಡುತ್ತವೆ. ಪ್ರತಿಯೊಂದೂ ಚಿಕ್ಕದು, ಎಲ್ಲ ಸೇರಿದಾಗ ನೆರೆಯ ವೇಗ ಮುರಿಯುತ್ತದೆ. ಆದರೆ ಮೇಲಿನ ಒಂದು ಏರಿ ಒಡೆದರೆ ಅದರ ನೀರು ಮಳೆಯ ನೀರಿನೊಡನೆ ಕೂಡಿ ಕೆಳಗಿನದನ್ನು ಒಡೆಯುತ್ತದೆ. ರಕ್ಷಣೆಯ ಸರಣಿಯೇ ನಾಶದ ಸರಣಿಯಾಗುತ್ತದೆ. 1903ರ ನವೆಂಬರಿನಲ್ಲಿ ಪಾಲಾರ್ ಕಣಿವೆಯಲ್ಲಿ ಹೀಗೆಯೇ ಆಯಿತು. ಕೋಲಾರ ಸೀಮೆಯ ಕೆರೆಗಳು ಒಡೆದ ನೀರು ಗಡಿಯಾಚೆ ಮದ್ರಾಸ್ ಪ್ರಾಂತದ ವಾಣಿಯಂಬಾಡಿಯನ್ನು ಹೊಕ್ಕಿತು. ಪೋರುಮಾಮಿಳ್ಳದ ಶಾಸನ ಗಡಿಯನ್ನು ದೋಷವೆಂದುದು ಸುಮ್ಮನೆಯಲ್ಲ.

ಜನಪದ ಸಾಹಿತ್ಯ ಕೆರೆಯ ವಿಘ್ನಗಳಿಗೆ ಕೊಡುವ ಕಾರಣ ಬೇರೆ. ‘ಕೆರೆಗೆ ಹಾರ’ದ ಭಾಗೀರಥಿಯನ್ನು ಮರೆಯುವವರಾರು? ಕಟ್ಟಿಸಿದ ಕೆರೆಗೆ ನೀರು ಬಾರದಾದಾಗ ಮನೆಯ ಕಿರಿಯ ಸೊಸೆಯೇ ಆಹುತಿಯಾಗುತ್ತಾಳೆ. ಹೊಣೆಯನ್ನು ಮನೆಯಲ್ಲಿ ಮಾತಿಲ್ಲದವಳ ಮೇಲೆ ಹೊರಿಸುವ ಕ್ರೌರ್ಯವನ್ನು ಹಾಡು ಮರೆಮಾಚದೆ ಹಾಡುತ್ತದೆ. ಶಾಸನಗಳಲ್ಲಿ ಕೆರೆಯ ಉಳಿವಿಗೆ ಬೇಕಾದುದು ಬಲಿಯಲ್ಲ. ಬಂಡಿ, ಮಣ್ಣು, ಕೂಲಿ, ಕೋಡಿ. ಒಂದೇ ಕೆರೆಸಂಸ್ಕೃತಿಯ ಈ ಎರಡು ದನಿಗಳನ್ನು ಜೊತೆಯಾಗಿ ಓದುವುದು ಅಗತ್ಯ. ಶಾಸನ ಹೇಳದ ನೋವು ಹಾಡಿನಲ್ಲಿದೆ; ಹಾಡು ಹೇಳದ ಪರಿಹಾರ ಶಾಸನದಲ್ಲಿದೆ.

ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಏರಿಯ ಮೇಲೆ ನಡೆದು ನೋಡುವ ಕೆಲಸ ನೀರುಗಂಟಿಯದಾಗಿತ್ತು. ತೂಬು ತೆಗೆಯುವವನು, ಮುಚ್ಚುವವನು, ಜಿನುಗನ್ನು ಮೊದಲು ಕಾಣುವವನು ಅವನೇ. 1961ರ ಗ್ರಾಮಹುದ್ದೆಗಳ ರದ್ದತಿ ಕಾಯಿದೆಯೊಡನೆ ವಂಶಪಾರಂಪರ್ಯದ ಆ ಚಾಕರಿ ಕೊನೆಗೊಂಡಿತು. ಹುಟ್ಟಿನಿಂದಲೇ ಅಂಟುವ ಚಾಕರಿಯಿಂದ ಬಿಡುಗಡೆ ದೊರೆತುದು ನ್ಯಾಯವೇ; ರುದ್ರದಾಮನ ಶಾಸನ ನಾಚಿಕೊಂಡ ವಿಷ್ಟಿಗೂ ಇದಕ್ಕೂ ದೂರದ ಅಂತರವಿಲ್ಲ. ಆದರೆ ಹುದ್ದೆ ಹೋದಂತೆ ಕೆಲಸ ಹೋಗಲಿಲ್ಲ. ಅದನ್ನು ಸಂಬಳ ಕೊಟ್ಟು ಮಾಡಿಸುವ ಏರ್ಪಾಡು ಎಲ್ಲೆಡೆಯೂ ಅದರ ಜಾಗಕ್ಕೆ ಬರಲಿಲ್ಲ. 2021ರ ಅಣೆಕಟ್ಟು ಸುರಕ್ಷಾ ಕಾಯಿದೆ ಮುಖ್ಯವಾಗಿ 15 ಮೀಟರಿಗೂ ಎತ್ತರದ ಕಟ್ಟೆಗಳಿಗೆ, 10ರಿಂದ 15 ಮೀಟರ್ ಎತ್ತರದವುಗಳಲ್ಲಿ ಕೆಲವಕ್ಕೆ ಅನ್ವಯಿಸುತ್ತದೆ. ಊರಿನ ಸಣ್ಣ ಏರಿಗಳಲ್ಲಿ ಬಹುಪಾಲು ಆ ಲೆಕ್ಕದ ಹೊರಗೆ. 2019ರ ನವೆಂಬರಿನಲ್ಲಿ ಬೆಂಗಳೂರಿನ ಹುಳಿಮಾವು ಕೆರೆಯ ಏರಿ ಒಡೆದು ಮನೆಗಳಿಗೆ ನೀರು ನುಗ್ಗಿದಾಗ, ಏರಿ ಚಿಕ್ಕದೆಂಬುದರಿಂದ ಕೆಳಗಿನವರ ಸಂಕಟವೇನೂ ಚಿಕ್ಕದಾಗಲಿಲ್ಲ. ಏರಿಯ ಕೆಳಗೆ ಗದ್ದೆಯಿದ್ದ ಕಾಲದಲ್ಲಿ ಒಡಕಿಗೆ ಹೋಗುತ್ತಿದ್ದುದು ಹೆಚ್ಚಾಗಿ ಬೆಳೆ. ಈಗ ಅಲ್ಲಿ ಬಡಾವಣೆಗಳಿವೆ. ಏರಿ ಅದೇ, ಅದು ಕಾಯಬೇಕಾದುದು ಬದಲಾಗಿದೆ.

ದತ್ತಿಶಾಸನಗಳ ಕೊನೆಯಲ್ಲಿ ಬರುವ ಶಾಪಾಶಯದ ಶ್ಲೋಕಗಳನ್ನು ನಾವು ಸಾಮಾನ್ಯವಾಗಿ ಓದದೆ ದಾಟಿಬಿಡುತ್ತೇವೆ. ದಾನ ಮತ್ತು ಪಾಲನೆಗಳಲ್ಲಿ ಪಾಲನೆಯೇ ಹೆಚ್ಚಿನದು, ಕೊಟ್ಟವನಿಗಿಂತ ಕಾಯ್ದವನು ಹೆಚ್ಚಿನ ಪದವಿಗೆ ಏರುವನು ಎಂಬ ಅರ್ಥದ ಶ್ಲೋಕ ಅವುಗಳಲ್ಲಿ ಒಂದು. ಎಷ್ಟೋ ಕಲ್ಲುಗಳಲ್ಲಿ ಬಂದು ಅದು ಬರಿಯ ವಾಡಿಕೆಯ ಮಾತಾಗಿ ತೋರುತ್ತದೆ. ಮಣ್ಣಿನ ಏರಿಯ ಸಂದರ್ಭದಲ್ಲಿ ಓದಿದರೆ ಅದು ವಾಡಿಕೆಯ ಮಾತಲ್ಲ, ಅನುಭವದ ಮಾತು. ಸುದರ್ಶನ ಸುಮಾರು ಎಂಟು ಶತಮಾನಗಳ ಕಾಲ ಬಾಳಿದುದು ಪುಷ್ಯಗುಪ್ತ ಒಮ್ಮೆ ಕಟ್ಟಿದ್ದರಿಂದಲ್ಲ. ಒಡೆದಾಗಲೆಲ್ಲ ಅದನ್ನು ತನ್ನದೆಂದುಕೊಂಡವನೊಬ್ಬ ಇದ್ದುದರಿಂದ. ಇಂದು ಆ ಬಂಡೆಯಿದೆ, ಕೆರೆಯಿಲ್ಲ.